ಅದಿರಿನೊಳಗಿನ ಎಣ್ಣೆ

ನನ್ನ ಬಲಗಡೆಯ ದವಡೆಹಲ್ಲು ಮುರಿದದ್ದು ನಮ್ಮ ಸಾಹೇಬರ ಔದಾರ್ಯದಿಂದ. ಕೊರಟಗೆರೆಯಿಂದ ಕೊಳಾಲದ ಕಡೆಗೆ ನಡೆದು ಹೋಗುತ್ತಿದ್ದೆವು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಚುರುಗುಟ್ಟುತ್ತಿತ್ತು. "ತಗೋಳಯ್ಯ, ಹುರಿಗಡಲೆ" ಎಂದು ಕೋಟಿನ ಜೇಬಿನಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಬಾಯಿಗೆ ಹಾಕಿ ಕಡಿದೆ. ಕಟ್ ಎಂದಿತು. ಉಗಿದು ನೋಡಿದರೆ ಅರ್ಧ ಹಲ್ಲು, ಪಕ್ಕದಲ್ಲೊಂದು ಬೆಣಚುಕಲ್ಲಿನ ಚೂರು. ಅವರು ಓಡಿ ಬಂದು ಬಗ್ಗಿದರು. ನನ್ನ ಬಾಯಿ ನೋಡುವುದಕ್ಕೆ ಎಂದುಕೊಂಡಿರೇನು? ಆ ಚೂರನ್ನು ಎತ್ತಿ, ಕೋಟಿಗೆ ಒರೆಸಿ, "ಅಬ್ಬ, ಸಿಕ್ಕಿತಲ್ಲ! ನಿನ್ನೆಯಿಂದ ಹುಡುಕ್ತಿದ್ದೆ" ಎಂದರು. ಆಮೇಲೆ ನನ್ನ ಮುಖ ನೆನಪಾಗಿ, "ತುಂಬಾ ನೋವಾಯ್ತೇನಯ್ಯ?" ಎಂದರು. ಆ ದಿನ ನಾನು ಮನಸ್ಸಿನೊಳಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೋದ ವಾರ ಅವರ ಮಗಳ ಕಾಗದ ಬಂತು. ಅಪ್ಪ ಹೋದರು, ಕಷ್ಟಪಡಲಿಲ್ಲ, ನಿಮ್ಮ ಮಾತು ಆಗಾಗ ಎತ್ತುತ್ತಿದ್ದರು ಎಂದು ನಾಲ್ಕೇ ಸಾಲು. ಓದಿ ಕನ್ನಡಕ ತೆಗೆದಿಟ್ಟೆ. ಅಂದಿನಿಂದ ಅವರದೇ ಯೋಚನೆ. ಹೆಸರು ಮಾತ್ರ ಬರೆಯುವುದಿಲ್ಲ. ನಾನು ಬರೆದ ನಕ್ಷೆಯ ಮೂಲೆಯಲ್ಲೂ ಅವರು ತಮ್ಮ ಹೆಸರು ಹಾಕಿಸುತ್ತಿರಲಿಲ್ಲ. "ಕಲ್ಲಿನ ಪಕ್ಕ ನಮ್ಮ ಹೆಸರು ಯಾಕಯ್ಯ? ಅದಕ್ಕೆ ನಮ್ಮ ಪರಿಚಯವೇ ಇಲ್ಲ" ಎನ್ನುತ್ತಿದ್ದರು.

ಅದು ಮಹಾರಾಜರ ಕಾಲ, ಎರಡನೆಯ ಯುದ್ಧ ನಡೆಯುತ್ತಿದ್ದ ವರ್ಷಗಳು. ಸಂಸ್ಥಾನದಲ್ಲಿ ಕಲ್ಲು, ಅದಿರುಗಳನ್ನು ಹುಡುಕಿ ನಕ್ಷೆ ಮಾಡುವ ಇಲಾಖೆಯೊಂದಿತ್ತು. ಅವರು ಅಲ್ಲಿ ಭೂವಿಜ್ಞಾನಿ, ನಾನು ಅವರ ಕೈಕೆಳಗೆ ನಕ್ಷೆ ಬರೆಯುವವನು. ಮೂರನೆಯವನು ಕೊಡಿಗೇನಹಳ್ಳಿ ಕಡೆಯ ಈರಣ್ಣ, ನಮ್ಮ ಸುತ್ತಿಗೆಯವನು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಕಲ್ಲು ಸೀಳುವಂತೆ ಹೊಡೆಯುವುದು ಅವನ ಕೆಲಸ. ಅವನಪ್ಪ, ಅವನಜ್ಜ ಎಲ್ಲ ಕಲ್ಲು ಒಡೆದೇ ಬದುಕಿದವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕನ್ನೂ ನಾವು ಮೂವರು ಕಾಲಲ್ಲೇ ಅಳೆದವರು. ಜನ ಅವರನ್ನು ಕಲ್ಲು ಸಾಹೇಬರು ಎಂದು ಕರೆಯುತ್ತಿದ್ದರು.

ಹಳ್ಳಿಗೆ ಹೋದಲ್ಲೆಲ್ಲ ಜನ ಕೇಳುವುದು ಒಂದೇ, ಬಂಗಾರ ಇದೆಯೇ ಎಂದು. ಪಾವಗಡದ ಹತ್ತಿರ ಒಬ್ಬ ಮುದುಕಿ, ತನ್ನ ಹೊಲದ ಬಂಡೆಯನ್ನು ಇವರು ಭೂತಗನ್ನಡಿ ಹಿಡಿದು ನೋಡುವುದನ್ನು ಬಹಳ ಹೊತ್ತು ನೋಡಿ, "ಏಮಿ ಸಾಮಿ, ಈ ಬಂಡೇಲಿ ಬಂಗಾರಂ ಐತಾ?" ಎಂದಳು. "ಇಲ್ಲಮ್ಮ, ವಯಸ್ಸೈತೆ" ಎಂದರು ಇವರು. ಅವಳು ಬೊಚ್ಚುಬಾಯಿ ತೆರೆದು ನಕ್ಕು, "ಅದು ನಂತಾವೂ ಐತಲ್ಲ ಸಾಮಿ, ಯಾರು ಕೊಂಟಾರು, ಕೊಳ್ಳೋರ್ಯಾರು?" ಎಂದಳು. ಇವರು ಟೋಪಿ ತೆಗೆದು ಅವಳಿಗೆ ಕೈಮುಗಿದರು. ತಮಾಷೆಗಲ್ಲ, ನಿಜವಾಗಿ ಮುಗಿದರು.

ನಾನು ಮಧುಗಿರಿಯವನು. ನಮ್ಮ ಬೆಟ್ಟದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಒಂದೇ ಕಲ್ಲಿನ ಬೆಟ್ಟ, ಮೇಲೆ ಕೋಟೆ, ಬುಡದಲ್ಲಿ ನಿಂತರೆ ಕತ್ತು ನೋಯುತ್ತದೆ. ಅವರನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋಗಿ, "ಹೇಗಿದೆ ಸಾರ್ ನಮ್ಮಜ್ಜ?" ಎಂದೆ. ಅವರು ಬಂಡೆಯ ಮೇಲೆ ಅಂಗೈ ಇಟ್ಟು, "ಅಜ್ಜ ಎಲ್ಲಿ ಬಂತಯ್ಯ? ಇದು ಕೂಸು. ಇದು ಕಾದ ಪಾಕವಾಗಿ ಕೆಳಗಿನಿಂದ ಉಕ್ಕಿ ಬರೋ ಹೊತ್ತಿಗೆ ಶಿರಾ ಕಡೆಯ ಕರಿಕಲ್ಲು ಆಗಲೇ ಹಣ್ಣು ಮುದುಕ" ಎಂದರು. ನನಗೆ ಎರಡು ದಿನ ಸಿಟ್ಟಿತ್ತು. ಮೂರನೆಯ ದಿನ ಬೆಟ್ಟವನ್ನು ಮತ್ತೆ ನೋಡಿದೆ. ಇಷ್ಟು ದೊಡ್ಡದು ಕೂಸಾದರೆ, ನಾವು ಯಾವ ಲೆಕ್ಕ ಎಂದು ಮೈ ಜುಮ್ಮೆಂದಿತು. ಅವರ ಜೊತೆ ಇದ್ದರೆ ಹೀಗೇ. ಮೊದಲು ಸಿಟ್ಟು, ಆಮೇಲೆ ನಡುಕ.

ಆ ಹಣ್ಣು ಮುದುಕನ ಹತ್ತಿರವೇ ಈ ಕಥೆ ನಡೆದದ್ದು. ಪಟ್ಟನಾಯಕನಹಳ್ಳಿಯಿಂದಾಚೆ ಒಂದು ಹಳೇ ತಾಮ್ರದ ಗಣಿ ಸಿಕ್ಕಿತು. ಗಣಿ ಎಂದರೆ ದೊಡ್ಡದೇನಲ್ಲ, ಯಾವ ಕಾಲದವರೋ ತೋಡಿ ಬಿಟ್ಟ ಒಂದು ಕಂದಕ. ಒಳಗೆ ಕರಿಕಲ್ಲನ್ನು ಸೀಳಿಕೊಂಡು ಬೆಣಚುಕಲ್ಲಿನ ಬಿಳೀ ಎಳೆ, ಆ ಎಳೆಯಲ್ಲಿ ಹಿತ್ತಾಳೆಯ ಹಾಗೆ ಹೊಳೆಯುವ ತಾಮ್ರದ ಅದಿರು. ಮೂಲೆಯಲ್ಲಿ ಒಂದು ಪುಟ್ಟ ಪೊಟರೆಯಿತ್ತು. ಈರಣ್ಣ ಅದನ್ನು ಒಡೆದಾಗ ಅದಿರಿನ ಬಿರುಕುಗಳಲ್ಲೆಲ್ಲ ಕರ್ರಗೆ, ಅಂಟಂಟಾಗಿ ಏನೋ ಮೆತ್ತಿಕೊಂಡಿತ್ತು. ಅವರು ಬೆರಳಿನಲ್ಲಿ ತೆಗೆದು ಮೂಸಿದರು, ಬೆಂಕಿಕಡ್ಡಿಗೆ ಹಚ್ಚಿ ಗೀರಿದರು. ಹೊಗೆಯಾಡಿ ಉರಿಯಿತು. ಅವರು ಅಲ್ಲೇ, ಆ ಕೆಸರಿನಲ್ಲೇ, ಕೂತುಬಿಟ್ಟರು.

"ಇದು ಕಲ್ಲೆಣ್ಣೆ ಕಣಯ್ಯ. ಸೀಮೆಎಣ್ಣೆ, ಪೆಟ್ರೋಲು ಯಾವುದರಿಂದ ಆಗುತ್ತೋ ಅದರ ವಂಶದ್ದು" ಎಂದರು.

ಆಗಿನ ನನ್ನ ಮನಸ್ಸು ಕೇಳಿ. ಯುದ್ಧದಲ್ಲಿ ಪೆಟ್ರೋಲಿಲ್ಲ, ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಸೀಮೆಎಣ್ಣೆಗೆ ಚೀಟಿ. ನಾನು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಮನಸ್ಸಿನಲ್ಲೇ ಶಿರಾ ಊರಿಗೆ ರೈಲು ತಂದುಬಿಟ್ಟಿದ್ದೆ. ಸುದ್ದಿ ಹೇಗೋ ಹಬ್ಬಿ ತಾಲ್ಲೂಕಿನ ಅಮಲ್ದಾರರೇ ಜಟಕಾ ಕಟ್ಟಿಸಿಕೊಂಡು ನಾವು ಇಳಿದುಕೊಂಡಿದ್ದ ಮುಸಾಫಿರಖಾನೆಗೆ ಬಂದರು. "ಎಷ್ಟು ಡಬ್ಬ ಸಿಗಬಹುದು?" ಎಂದರು. "ಒಂದು ಚಮಚ" ಎಂದರು ಇವರು. ಅಮಲ್ದಾರರು ಕಾಫಿಯನ್ನೂ ಕುಡಿಯದೆ ಹೊರಟುಹೋದರು. ನನ್ನ ಉತ್ಸಾಹವೂ ಇಳಿದುಹೋಯಿತು. "ಅಷ್ಟೇ ಆದರೆ ಇಷ್ಟೊಂದು ಕುಣಿದಾಟ ಯಾಕೆ ಸಾರ್?" ಎಂದು ಕೇಳಿಯೇಬಿಟ್ಟೆ.

ಅವರು ಜೇಬಿನಿಂದ ಒಂದು ಹರಳು ತೆಗೆದರು. ಹೆಬ್ಬೆರಳ ಗಾತ್ರದ ಬೆಣಚಿನ ಹರಳು, ನೀರಿನ ಹಾಗೆ ತಿಳಿ, ಅದೇ ಪೊಟರೆಯಲ್ಲಿ ಅದಿರಿಗೆ ಅಂಟಿಕೊಂಡು ಬೆಳೆದದ್ದು. ಬಿಸಿಲಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದರು. ಅದರ ಒಳಗೆ, ಎಲ್ಲೂ ಬಿರುಕಿಲ್ಲದ ಗಟ್ಟಿ ಕಲ್ಲಿನ ಒಳಗೆ, ಜೇನುಬಣ್ಣದ ಒಂದು ಹನಿ ಆ ಕಡೆಯಿಂದ ಈ ಕಡೆಗೆ ಜರುಗಿತು. ನಾನು ಕಣ್ಣುಜ್ಜಿಕೊಂಡೆ. ಮತ್ತೆ ಓರೆ ಮಾಡಿದರು, ಮತ್ತೆ ಜರುಗಿತು.

"ಭೂಮಿಯ ಒಳಗೆ ಕುದಿಯೋ ನೀರಿತ್ತು. ಅದು ತಾಮ್ರವನ್ನು ಕರಗಿಸಿಕೊಂಡು ಬಿರುಕಿನಲ್ಲಿ ಮೇಲೆ ಹತ್ತಿತು. ಆರಿದ ಹಾಗೆ ತಾಮ್ರವನ್ನು ಇಲ್ಲಿ ಇಳಿಸಿತು, ಈ ಹರಳನ್ನೂ ಕಟ್ಟಿತು. ಕಟ್ಟುವಾಗ ಜೊತೆಗೆ ಬಂದ ಒಂದು ಹನಿ ಎಣ್ಣೆ ಒಳಗೇ ಸಿಕ್ಕಿಕೊಂಡಿತು. ಅಂದಿನಿಂದ ಇದು ಗಾಳಿ ಕಂಡಿಲ್ಲ" ಎಂದರು.

"ನೀರಿಗೆ ಎಣ್ಣೆ ಎಲ್ಲಿಂದ ಬಂತು ಸಾರ್?"

"ಭೇಷ್! ಇಷ್ಟು ದಿನಕ್ಕೆ ಒಂದು ಪ್ರಶ್ನೆ ಕೇಳಿದೆ" ಎಂದು ನನ್ನ ಬೆನ್ನು ತಟ್ಟಿದರು. "ಈ ಸುತ್ತಲ ಕರಿಕಲ್ಲು ಇದೆಯಲ್ಲ, ಅದು ಯಾವುದೋ ಕಾಲದ ನೀರಿನ ತಳದಲ್ಲಿ ಕೂತ ಗೋಡು, ಹೂಳು. ಆ ಗೋಡಿನಲ್ಲಿ ಪಾಚಿಯಂಥದ್ದು ಏನೋ ಬದುಕಿ ಸತ್ತಿದ್ದರೆ, ಅದರ ಜಿಡ್ಡನ್ನು ಬಿಸಿನೀರು ಹಿಂಡಿಕೊಂಡು ತಂದಿರಬೇಕು. ಆದರೆ ನಮ್ಮ ಪುಸ್ತಕಗಳೆಲ್ಲ ಹೇಳೋದೇನು? ಈ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಜೀವವೇ ಇರಲಿಲ್ಲ ಅಂತ. ಹಾಗಾದರೆ ಜೀವದ ಹಂಗಿಲ್ಲದೆ ಭೂಮಿ ತನ್ನ ಒಡಲಲ್ಲೇ ಎಣ್ಣೆ ಮಾಡಿಕೊಳ್ಳುತ್ತೆ. ಹಾಗನ್ನೋ ಪಂಡಿತರೂ ಇದ್ದಾರೆ. ಒಂದೋ ಪುಸ್ತಕ ತಪ್ಪು, ಆಗಲೇ ಜೀವ ಇತ್ತು, ಇಲ್ಲವೋ ಭೂಮಿಯೇ ಎಣ್ಣೆ ಮಾಡಿತು. ಎರಡರಲ್ಲಿ ಒಂದು."

"ಯಾವುದು ನಿಜ?"

"ಗೊತ್ತಿದ್ದರೆ ನಿನ್ನ ಗೊರಕೆ ಕೇಳ್ಕೊಂಡು ಈ ಹಾಳು ಮುಸಾಫಿರಖಾನೇಲಿ ಯಾಕಿರ್ತಿದ್ದೆ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇದೊಂದು ಗೊತ್ತಾಗಿಬಿಟ್ಟರೆ ಸಾಕಯ್ಯ ನನಗೆ. ಇನ್ನೇನೂ ಬೇಡ" ಎಂದರು. ಒಬ್ಬ ಮನುಷ್ಯ ಇಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಹೆಣ್ಣು ನೋಡಲು ಹೋದ ಹುಡುಗರೂ ಹಾಗೆ ಮಾತಾಡುವುದಿಲ್ಲ.

ಹರಳನ್ನು ಇಂಗ್ಲೆಂಡಿನಲ್ಲಿದ್ದ ಬಲ್ಲವರೊಬ್ಬರಿಗೆ ಕಳಿಸಬೇಕೆಂದು ಅವರ ಯೋಜನೆ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ರಸಾಯನಶಾಸ್ತ್ರದವರು ಆ ಕರೀ ಅಂಟನ್ನು ಪರೀಕ್ಷಿಸಿ, ಇದು ಕಲ್ಲೆಣ್ಣೆಯೇ ಎಂದು ಬರೆದುಕೊಡಬೇಕು. ಪೊಟರೆಯಲ್ಲಿದ್ದ ಅಂಟಿನ ಕಲ್ಲನ್ನೆಲ್ಲ ತೆಗೆದು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಚೀಟಿ ಬರೆದು ಪೆಟ್ಟಿಗೆಗೆ ತುಂಬಿದರು. ಹರಳು ಮಾತ್ರ ಅವರ ಜೇಬಿನಲ್ಲೇ ಉಳಿಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ನಾನು ಹಬ್ಬಕ್ಕೆ ಮಧುಗಿರಿಗೆ ಹೋದೆ. ಅವರು ಪರೀಕ್ಷೆಯ ವಿಷಯ ಮಾತಾಡಲು ಬೆಂಗಳೂರಿಗೆ ಹೋದರು. ಮುಸಾಫಿರಖಾನೆಯಲ್ಲಿ ಉಳಿದವನು ಈರಣ್ಣ ಒಬ್ಬನೇ.

ಹಬ್ಬ ಮುಗಿಸಿ ಬಂದಾಗ ಪೆಟ್ಟಿಗೆಗೆ ಮೊಳೆ ಹೊಡೆದು ಸಿದ್ಧವಾಗಿತ್ತು. ಕಳಿಸುವ ಮುಂಚೆ ಪೆಟ್ಟಿಗೆ ತೆರೆದು ಮತ್ತೊಮ್ಮೆ ನೋಡುವುದು ಅವರ ನೇಮ. ಆ ನೇಮಕ್ಕೆ ಎಷ್ಟೋ ಸಲ ಮೊಳೆ ಕಿತ್ತು ನನ್ನ ಉಗುರು ಹೋಗಿದೆ. ಆ ದಿನವೂ ಇಕ್ಕಳ ಕೇಳಿದರು. ಹೊರಗೆ ಬಸ್ಸಿನವನು ಹಾರನ್ನು ಒತ್ತಿದ್ದೇ ಒತ್ತಿದ್ದು. "ಬಸ್ಸು ತಪ್ಪಿದರೆ ಇನ್ನು ಮೂರು ದಿನ ಇಲ್ಲ. ಏನಾಗಿರುತ್ತೆ ಸಾರ್, ಕಲ್ಲೇನು ಓಡಿಹೋಗುತ್ತಾ?" ಎಂದವನು ನಾನೇ. ಹೇಳಿದ್ದೇನೆ, ಅದನ್ನು ಬಚ್ಚಿಡುವುದಿಲ್ಲ. ಪೆಟ್ಟಿಗೆ ಹಾಗೇ ಹೋಯಿತು.

ಆಮೇಲೆ ಮಳೆ ಹಿಡಿಯಿತು. ಕಂದಕ ತುಂಬಿ, ಗೋಡೆ ಕುಸಿದು, ಪೊಟರೆ ಇದ್ದ ಮೂಲೆ ಹೂತುಹೋಯಿತು. "ಹೋಗಲಿ ಬಿಡು, ಬೇಕಾದ್ದು ಪೆಟ್ಟಿಗೆಯಲ್ಲಿದೆ" ಎಂದರು ಅವರು.

ಬೆಂಗಳೂರಿನಿಂದ ಉತ್ತರ ಬಂದದ್ದು ಒಂದು ಮಧ್ಯಾಹ್ನ. ಜಗಲಿಯ ಮೇಲೆ ನಿಂತು ನಮಗೆ ಓದಿ ಹೇಳಿದರು. ಕಲ್ಲುಗಳಲ್ಲಿ ಎಣ್ಣೆ ಇರುವುದು ನಿಜ, ಆದರೆ ಅದು ಎಳ್ಳೆಣ್ಣೆ. ಶಿರಾ ತಾಲ್ಲೂಕಿನಲ್ಲಿ ಜೀವ ಹುಟ್ಟುವ ಮುಂಚೆಯೇ ಎಳ್ಳು ಬೆಳೆಯುತ್ತಿದ್ದರೆ ಇಲಾಖೆಗೆ ತಿಳಿಸುವುದು ಎಂದು ಅದರಲ್ಲಿತ್ತು. ಜೊತೆಗೆ, ಒಂದೆರಡು ಕಲ್ಲಿನ ಮೇಲೆ ಕುಂಕುಮವೂ ಇದೆ ಎಂದು.

ಈರಣ್ಣ ಸುತ್ತಿಗೆಯ ಕಾವಿಗೆ ಬೆಣೆ ಹೊಡೆಯುತ್ತಿದ್ದವನು ಎದ್ದು ಬಂದ. "ಬುದ್ದಿ, ಎಣ್ಣೆ ಹಚ್ಚಿದ್ದು ನಾನೇ" ಎಂದ.

"ಯಾವಾಗ್ಲಾ?" ಎಂದು ನಾನು ಕೂಗಿದೆ.

"ಅಬ್ಬದ ದಿನ. ಸುತ್ತಿಗೆ, ಉಳಿ, ಹಾರೆ ಎಲ್ಲಾ ತೊಳ್ದು ಸಾಲಾಗಿ ಮಡಗಿದ್ದೆ. ಕಲ್ಲು ಮಾತ್ರ ಪೆಟ್ಟಿಗೇಲಿ ಅಂಗೇ ಕುಂತಿದ್ವು. ನಮ್ ಬುದ್ದಿ ಇಷ್ಟು ಆಸೆ ಮಡಗ್ಕಂಡಿರೋ ಕಲ್ಲು, ಅಬ್ಬದ ದಿನ ಹಿಂಗ್ ಕೊಳಕಾಗಿ ಇರ್ಬೋದಾ ಅನ್ನುಸ್ತು. ಉಳಿ ಮೊನೇಲಿ ಕರ್ರಗಿದ್ದದ್ನ ಪೂರಾ ಕೆರ್ದು, ಉಣಿಸೆಹಣ್ಣು ಬೂದಿ ಹಾಕಿ ಉಜ್ದೆ. ಫಳಫಳ ಅಂದ್ಬುಟ್ವು. ಎಳ್ಳೆಣ್ಣೆ ಸವರಿ, ಕುಂಕುಮ ಇಕ್ಕಿ, ಪೂಜೆ ಮಾಡಿ, ಇದ್ದಂಗೇ ಸುತ್ತಿ ಮೊಳೆ ಹೊಡ್ದೆ."

"ಆ ಕರ್ರಗಿದ್ದದ್ದೇ ಕಣ್ಲಾ ಬೇಕಾಗಿದ್ದು!"

"ಎಣ್ಣೆ ಕಲ್ಲೊಳಗೈತೆ ಅಂದ್ರಲ್ಲ ಸಾಮಿ. ಮ್ಯಾಲಿಂದು ಕೊಳೆ ಅಂದ್ಕಂಡೆ."

ನನಗೆ ಅವನ ಕತ್ತು ಹಿಸುಕುವಷ್ಟು ಕೋಪ ಬಂದಿತ್ತು. ಅವರು ಮಾತ್ರ ಶಾಂತವಾಗಿ, "ಎಲ್ಲಾ ಕಲ್ಲಿಗೂ ಹಚ್ಚಿದೆಯಾ ಈರಣ್ಣ?" ಎಂದರು. "ಒಂದ್ನೂ ಬುಡ್ಲಿಲ್ಲ ಬುದ್ದಿ" ಎಂದ ಅವನು. ಅವರು ಕಾಗದ ಮಡಿಸಿ ಜೇಬಿಗಿಟ್ಟು, ಅಂಗಳಕ್ಕೆ ಇಳಿದು, ನಮಗೆ ಬೆನ್ನು ಹಾಕಿ ನಿಂತರು. ನನಗೆ ಅಳು ಬಂತು.

ಸಂಜೆ ಉತ್ತರ ಬರೆದರು. ಕಲ್ಲುಗಳು ಮಲಿನವಾಗಿದ್ದವು, ಕಳಿಸುವ ಮುಂಚೆ ತೆರೆದು ನೋಡದೆ ಹೋದದ್ದು ನನ್ನ ತಪ್ಪು, ಎಣ್ಣೆಯ ಬಗ್ಗೆ ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ ಎಂದಷ್ಟೇ. ಈರಣ್ಣನ ಹೆಸರೂ ಇಲ್ಲ, ಬಸ್ಸಿಗೆ ಅವಸರ ಮಾಡಿದ ನನ್ನ ಹೆಸರೂ ಇಲ್ಲ. ನಾನು ಕೇಳಿದ್ದಕ್ಕೆ, "ಅವನ ಹೆಸರು ಬರೆದರೆ ಅವನ ಅನ್ನ ಹೋಗುತ್ತೆ. ನನ್ನ ಹೆಸರು ಬರೆದರೆ ಹೆಸರು ಮಾತ್ರ ಹೋಗುತ್ತೆ" ಎಂದರು. ಹೋಯಿತು ಕೂಡ. ಎಳ್ಳೆಣ್ಣೆ ಸಾಹೇಬರು ಎಂದು ಕಚೇರಿಯಲ್ಲಿ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವರಿಗೆ ಬರಬೇಕಾಗಿದ್ದ ದೊಡ್ಡ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಕೊನೆಯವರೆಗೂ ಅದೇ ಮೇಜಿನಲ್ಲಿದ್ದು ನಿವೃತ್ತರಾದರು. ಇದೆಲ್ಲ ಆಮೇಲಿನದು. ನನಗೆ ಹೇಳಬೇಕಾಗಿರುವುದು ಆ ಕಾಗದ ಬಂದ ನಾಲ್ಕನೆಯ ದಿನದ್ದು.

ಕಾಗದ ಬಂದಾಗಿನಿಂದ ಈರಣ್ಣ ಊಟ ಮುಟ್ಟಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗಂಟು ಕಟ್ಟಿಕೊಂಡು ಬಂದು, ಸುತ್ತಿಗೆಯನ್ನು ಜಗಲಿಯ ಅಂಚಿಗಿಟ್ಟು, "ಊರಿಗೆ ಓಯ್ತೀನಿ ಬುದ್ದಿ. ಇನ್ನು ಇದ್ನ ಮುಟ್ಟಕಿಲ್ಲ" ಎಂದ.

"ಯಾಕಯ್ಯ? ನಾನು ಬೈದೆನಾ?"

"ಬೈದಿದ್ರೆ ಇರ್ತಿದ್ದೆ. ನಾನು ಕಲ್ಲು ಒಡೆಯೋರ ಮನೇಲಿ ಉಟ್ಟಿದೋನು. ಕಲ್ಲಿಗೆ ಮನ್ಸ ಹಚ್ಚಿದ್ರುಂಟು, ಅದುಕ್ಕೆ ಸ್ವಂತ ಎಣ್ಣೆ ಎಲ್ಲೈತೆ? ಆ ಹಳೇ ಗಣಿ ಜನಾನೂ ನನ್ನಂಗೇ ದೀಪ ಹಚ್ಚಿ, ಎಣ್ಣೆ ಸವರಿರ್ತಾರೆ. ಅದೇ ಕರ್ರಗಾಗಿತ್ತು. ನೀವು ಅಷ್ಟು ಆಸೆಯಿಂದ ಹುಡುಕಿದ್ದು ನಮ್ಮಂಥೋರ ದೀಪದೆಣ್ಣೆನ. ನಮ್ ಪೂಜೆ ನಿಮ್ಗೆ ಮೋಸ ಮಾಡ್ಬುಡ್ತು ಬುದ್ದಿ" ಎಂದು ಗಳಗಳ ಅತ್ತುಬಿಟ್ಟ. ಐವತ್ತು ದಾಟಿದ ಗಂಡಸು, ಬಂಡೆಯಂಥ ತೋಳು.

ಅವನು ಹೇಳಿದ್ದರಲ್ಲಿ ಹುರುಳಿಲ್ಲದೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಬಿರುಕಿನ ಅಂಟು ಹಳೇ ದೀಪದ್ದಲ್ಲ ಎಂದು ಆಣೆ ಮಾಡಿ ಹೇಳಲು ಈಗ ಅವರ ಹತ್ತಿರ ಏನೂ ಉಳಿದಿರಲಿಲ್ಲ. ಮನುಷ್ಯನ ಕೈ ಸೋಕದೆ ಉಳಿದಿದ್ದದ್ದು ಒಂದೇ ಒಂದು ಹನಿ. ಅವರು ಜೇಬಿಗೆ ಕೈ ಹಾಕಿ ಆ ಹರಳನ್ನು ತೆಗೆದರು.

ಅದನ್ನು ಒಡೆಯಲು ಹೊರಟಿದ್ದಾರೆ ಎಂದು ನನಗೆ ತಟ್ಟನೆ ಗೊತ್ತಾಯಿತು. "ಸಾರ್, ಬೇಡ! ನಿಮ್ಮ ದಮ್ಮಯ್ಯ. ಅದೊಂದೇ ಉಳಿದಿರೋದು. ಇಂಗ್ಲೆಂಡಿಗೆ ಹೋದರೆ ನಿಮ್ಮ ಮಾತು ನಿಜವಾಗುತ್ತೆ, ಇವರೆಲ್ಲರ ಬಾಯಿ ಮುಚ್ಚುತ್ತೆ" ಎಂದು ಅವರ ಕೈ ಹಿಡಿದುಕೊಂಡೆ. ಅಧಿಕಾರಿಯ ಕೈ ಹಿಡಿದು ಎಳೆದದ್ದು ನನ್ನ ಜೀವಮಾನದಲ್ಲೇ ಅದೊಂದು ಸಲ.

"ಬಿಡಯ್ಯ. ಈ ಮನುಷ್ಯ ನಾಲ್ಕು ದಿನದಿಂದ ಉಂಡಿಲ್ಲ" ಎಂದರು.

ಜಗಲಿಯ ಕಲ್ಲಿನ ಮೇಲೆ ಹರಳನ್ನಿಟ್ಟರು. ಈರಣ್ಣನ ಕೈಯಿಂದಲೇ ಅದನ್ನು ಬಿಸಿಲಿಗೆ ಎತ್ತಿಸಿ, ಓರೆ ಮಾಡಿಸಿ, ಒಳಗೆ ಹನಿ ಜರುಗುವುದನ್ನು ತೋರಿಸಿದರು. ಎಲ್ಲಾದರೂ ಬಿರುಕಿದೆಯೇ ಎಂದು ಅವನ ಉಗುರಿನಿಂದಲೇ ಮುಟ್ಟಿ ನೋಡಿಸಿದರು. ಕಲ್ಲಿನ ವಿಷಯದಲ್ಲಿ ಅವನ ಬೆರಳನ್ನು ಮೀರಿದ ಪರೀಕ್ಷೆ ಇರಲಿಲ್ಲ. "ಇಲ್ಲ ಬುದ್ದಿ, ಕೂದಲೆಳೆಯಷ್ಟೂ ಇಲ್ಲ" ಎಂದ. "ಹಾಗಾದರೆ ಎತ್ತು ಸುತ್ತಿಗೆ. ನೀನೇ ಹೊಡಿ" ಎಂದರು.

ಅವನು ಕಣ್ಣೊರೆಸಿಕೊಂಡು, ಸಣ್ಣ ಉಳಿ ಇಟ್ಟು, ಒಂದೇ ಪೆಟ್ಟು ಹಾಕಿದ. ಹರಳು ಎರಡು ಹೋಳಾಯಿತು. ಜೇನುಬಣ್ಣದ ಹನಿ ಸೀಳಿನ ಮೇಲೆ ಸಾಸಿವೆಯಷ್ಟಗಲ ಹರಡಿತು. ಮೂವರೂ ಬಗ್ಗಿದೆವು. ಲಾಟೀನಿಗೆ ಸೀಮೆಎಣ್ಣೆ ಹಾಕುವಾಗ ಬರುತ್ತದಲ್ಲ, ಅದೇ ವಾಸನೆ. ನಮ್ಮ ಮಧುಗಿರಿ ಬೆಟ್ಟ ಹುಟ್ಟುವ ಮುಂಚೆ ಮುಚ್ಚಿಕೊಂಡ ಬಾಗಿಲು ಆಗ ತೆರೆದು, ಒಳಗಿನದು ನನ್ನ ಮೂಗಿಗೆ ಬಂದಿತ್ತು. ನನಗೆ ಗೊತ್ತಿಲ್ಲದೆಯೇ ಕೈಮುಗಿದಿದ್ದೆ. ಭಯವೋ ಭಕ್ತಿಯೋ ಇಂದಿಗೂ ಹೇಳಲಾರೆ.

ಈರಣ್ಣ ಮತ್ತೆ ಮತ್ತೆ ಮೂಸಿದ. ನಿಧಾನವಾಗಿ ತಲೆ ಎತ್ತಿದ.

"ಇದು ನಮ್ದಲ್ಲ ಬುದ್ದಿ" ಎಂದ. ಆಮೇಲೆ, ಇನ್ನೂ ಮೆಲ್ಲಗೆ, "ಅಂಗಾದ್ರೆ ಇದ್ನ ಯಾರು ಹಚ್ಚಿದ್ದು?" ಎಂದು ಕೇಳಿದ.

"ನಾನೂ ಅದನ್ನೇ ಕೇಳ್ತಿರೋದು ಈರಣ್ಣ" ಎಂದರು ಅವರು.

ಹನಿ ಆರಿಹೋಗುವವರೆಗೆ ಮೂವರೂ ಆ ಜಗಲಿಯ ಮೇಲೆ ಕೂತಿದ್ದೆವು. ಆಮೇಲೆ ಈರಣ್ಣ ಊಟ ಕೇಳಿದ.